ಕೆಂಪು ಹಿಡಿಯದ ಕ್ಯಾಮೆರಾ

ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಪುಕ್ಕಟೆ ಪ್ರಚಾರ ಮಾಡಿಕೊಟ್ಟಂತಾಗುತ್ತದೆ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಸಿನಿಮಾ ತೆಗೆಯುವ ಹೊಸ ಡಿಜಿಟಲ್ ಕ್ಯಾಮೆರಾ ಮಾಡಿದ್ದರು. ಅಂಗಡಿಗೆ ಬಿಡುವ ಮೊದಲು ಬಿಸಿಲು ಧೂಳಿನಲ್ಲಿ ಅದು ಹೇಗೆ ಬಾಳುತ್ತದೆ ಎಂದು ನೋಡಲು ರಾಜ್ಯದ ಅಲ್ಲಲ್ಲಿ ಕೆಲವರನ್ನು ಆರಿಸಿ ಕೈಗೆ ಕೊಟ್ಟರು. ಸಿಂದಗಿಯಿಂದ ನನ್ನನ್ನು ಆರಿಸಿದರು. ನಾನು ಕಳಿಸಿದ್ದ ಒಂದು ಮದುವೆಯ ವಿಡಿಯೋದಲ್ಲಿ ಮದುಮಗಳ ತಾಯಿ ಕಂಬದ ಹಿಂದೆ ನಿಂತು ಅಳುವುದಿತ್ತು. ಅದು ಅವರಿಗೆ ಹಿಡಿಸಿತಂತೆ.

ಸಿಂದಗಿ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋ ನನ್ನದು ಮತ್ತು ಜುಲ್ಫಿಕರನದು, ಇಬ್ಬರ ಪಾಲು. ಕ್ಯಾಮೆರಾ ಹಿಡಿಯುವವಳು ನಾನು. ಧ್ವನಿ, ಲೈಟು, ಎಡಿಟಿಂಗ್ ಅವನದು. ಆದರೂ ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಮದುವೆಗೆ ಹೋದರೂ ಬೀಗರು ನನ್ನನ್ನು ದಾಟಿ ಅವನ ಹತ್ತಿರ ಹೋಗುತ್ತಿದ್ದರು. "ಏನ ಜುಲ್ಫಿಕರ, ಛಲೋ ಬರಾಕತ್ತೈತಿಲ್ಲೋ?" ಎನ್ನುತ್ತಿದ್ದರು. ಅವನು ನನ್ನ ಕಡೆ ಕೈ ತೋರಿಸುತ್ತಿದ್ದ. ಅವರು ನನ್ನ ಮುಖ ನೋಡಿ, "ಊಟ ಆತೇನವಾ?" ಎಂದು ಕೇಳಿ ಹೋಗುತ್ತಿದ್ದರು. ವಿಡಿಯೋದ ಕೊನೆಗೆ ಬರುವ ಹೆಸರು ಜುಲ್ಫಿಕರನದೇ, ಏಕೆಂದರೆ ಬೋರ್ಡಿನ ಮೇಲೆ ಇರುವುದೂ ಅದೇ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದರೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಕಂಪನಿಯ ಮಾತು ಹೀಗಿತ್ತು: ಪರೀಕ್ಷೆ ಮಾಡುವವರು ತಮ್ಮೂರಿನಲ್ಲಿ ಒಂದು ಚಿಕ್ಕ ಚಿತ್ರ ತೆಗೆಯಬೇಕು. ಕ್ಯಾಮೆರಾ ಬಿಡುಗಡೆಯ ದಿನ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ, ತೆಗೆದವರ ಹೆಸರು ಹಾಕಿ. 'ಛಾಯಾಗ್ರಹಣ: ಸುರೇಖಾ, ಮೋರಟಗಿ.' ನನ್ನ ಹೆಸರು, ನನ್ನ ಊರು. ಅದನ್ನು ಮನಸ್ಸಿನಲ್ಲೇ ಓದಿಕೊಂಡು ನಾನು ಎಷ್ಟೋ ಸಲ ನಕ್ಕಿದ್ದೆ. ನನಗೆ ಆ ಹೆಸರು ಬೇಕಿತ್ತು, ಬೇರೇನೂ ಅಲ್ಲ.

ಕ್ಯಾಮೆರಾ ತಂದವನು ಚೇತನಕುಮಾರ. ಕಂಪನಿಯ ಮನುಷ್ಯ, ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. ಮೋರಟಗಿಯ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದೊಡನೆ ನಮ್ಮ ಆಯಿ ಶೇವಂತೆವ್ವ, ಎಂದರೆ ನನ್ನನ್ನು ಸಾಕಿದ ಅಜ್ಜಿ, ಬೆರಳು ತುಂಬ ಭಂಡಾರ ತಂದು ಕ್ಯಾಮೆರಾಕ್ಕೆ ಹಚ್ಚಿಬಿಟ್ಟಳು. ಹೊಸ ಕುರಿ ಬಂದರೂ ಅರಿಷಿಣ ಹಚ್ಚುವ ಮನೆ ನಮ್ಮದು, ಕ್ಯಾಮೆರಾ ಬಂದರೆ ಬಿಡುತ್ತಾಳೆಯೇ. ಅವನು ಗಾಬರಿಯಾಗಿ ಕರವಸ್ತ್ರದಿಂದ ಒರೆಸಿದ. ಹಿಡಿಕೆಯ ಒಂದು ತಿರುಪಿನ ಗೀರಿನಲ್ಲಿ ಹಳದಿ ಉಳಿದೇ ಉಳಿಯಿತು.

ಏನೇನು ತೆಗೆಯಬೇಕು ಎನ್ನುವುದನ್ನು ಅವನು ಹೇಳಿದ. "ಮೇಡಂ, ಬಿರುಕು ಬಿಟ್ಟ ನೆಲ, ಸುಕ್ಕುಗಟ್ಟಿದ ಮುಖ, ಮಾಸಿದ ಬಟ್ಟೆ. ಗಾಢ ಬಣ್ಣ ಬೇಡ. ಈ ಕ್ಯಾಮೆರಾದಲ್ಲಿ ಮಣ್ಣಿನ ಬಣ್ಣ ಅದ್ಭುತವಾಗಿ ಬರುತ್ತೆ."

ಮೊದಲ ದಿನ ಅವನ ಕಾರಿನಲ್ಲಿ ಮುಳವಾಡದ ಕಡೆಗೆಲ್ಲ ತಿರುಗಿದೆವು. ಬಿರುಕು ಹುಡುಕಿಕೊಂಡು ಬಂದವನಿಗೆ ಹೋದಲ್ಲೆಲ್ಲ ಕಾಲುವೆ ಎದುರಾದರೆ ಅವನಾದರೂ ಏನು ಮಾಡಬೇಕು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕಬ್ಬು, ನಡುವೆ ದಾಳಿಂಬೆ. ಕಾರು ನಿಲ್ಲಿಸಿ ನಿಲ್ಲಿಸಿ ಅವನು ನಿಟ್ಟುಸಿರು ಬಿಟ್ಟ. ಜುಲ್ಫಿಕರ ಹಿಂದಿನ ಸೀಟಿನಿಂದ, "ಸರ್, ಹೇಳಿದ್ರ ನೀರ ಬಂದ ಮಾಡಸ್ತಿದ್ವಿ" ಎಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕೆ.

ಕೊನೆಗೆ ನಮ್ಮ ಹೊಲವೇ ಗತಿಯಾಯಿತು. ಮೋರಟಗಿಯಲ್ಲಿ ಬಿಳಿಜೋಳ ಕೀಳುವ ಹೊತ್ತು. ಒಣಗಿದ ದಂಟು, ಕರಿ ಮಣ್ಣು, ಕೆಲಸ ಮಾಡುವ ಹೆಣ್ಣುಮಕ್ಕಳು. ಚೇತನಕುಮಾರನಿಗೆ ಜೀವ ಬಂತು. ಆ ಸಂಜೆ ನಾನು ಆಯಿಗೂ ಪಕ್ಕದ ಮನೆಯ ಚನ್ನವ್ವನಿಗೂ ಹೇಳಿದೆ: "ನಾಳೆ ಶೂಟಿಂಗ್ ಐತಿ. ದಿನಾ ಹೆಂಗ ಹೊಲಕ್ಕ ಬರ್ತೀರಿ ಹಂಗ ಬರ್ರಿ. ಛಲೋ ಸೀರಿ ಬ್ಯಾಡ."

ಬೆಳಿಗ್ಗೆ ಒಡ್ಡಿನ ಮೇಲೆ ಕ್ಯಾಮೆರಾ ಹೂಡಿ ಕಾಯುತ್ತ ನಿಂತಿದ್ದಾಗ ಜೋಳದ ನಡುವಿನ ಕಾಲುದಾರಿಯಲ್ಲಿ ಒಂದು ದಿಬ್ಬಣವೇ ಬಂತು. ಆಯಿ ಮುಂದೆ, ಚನ್ನವ್ವ ಹಿಂದೆ, ಅವರ ಹಿಂದೆ ಓಣಿಯ ಇನ್ನೂ ಕೆಲವರು. ಎಲ್ಲರದೂ ಇಳಕಲ್ಲ ಸೀರೆ. ಕೊರಳಿಗೆ ಬೋರಮಾಳ, ಮೂಗುತಿ, ನಡುವಿಗೆ ಬೆಳ್ಳಿ ಡಾಬು. ಮುಖಕ್ಕೆ ಪೌಡರು. ಚನ್ನವ್ವನ ಕೈಯಲ್ಲಿ ಕುಡುಗೋಲು ಇತ್ತು ನಿಜ, ಅದನ್ನೂ ತೊಳೆದು ತಂದಿದ್ದಳು.

"ಆಯಿ, ಹೇಳಿದ್ನಿಲ್ಲೋ, ಛಲೋ ಸೀರಿ ಬ್ಯಾಡಂತ?"

"ಹೇಳಿದ್ದಿ. ಮದುವಿ ಕಾರ್ಡಿನ್ಯಾಗೂ ಆಯೇರಿ ತರಬ್ಯಾಡ್ರಿ ಅಂತ ಬರಸ್ತಾರ. ಯಾರರ ಬರಿಗೈಲೆ ಹೋಗ್ತಾರೇನು?"

ತಪ್ಪು ನನ್ನದೇ. ಬೇಡ ಎಂದದ್ದನ್ನು ನಮ್ಮ ಕಡೆ ಮರ್ಯಾದೆಯ ಮಾತೆಂದೇ ತಿಳಿಯುತ್ತಾರೆ, ಅದು ಗೊತ್ತಿದ್ದೂ ನಾನು ಒಂದೇ ಸಲ ಹೇಳಿ ಬಿಟ್ಟಿದ್ದೆ. ಮೂರು ಸಲ ಆಣೆ ಹಾಕಿ ಹೇಳಬೇಕಿತ್ತು.

ಚೇತನಕುಮಾರನ ಮುಖ ಬಾಡಿತು. "ಮೇಡಂ, ಇದು ಆಗಲ್ಲ. ಮನೆಗೆ ಹೋಗಿ ಹಳೇ ಸೀರೆ ಉಟ್ಟು ಬರೋಕೆ ಹೇಳಿ. ಸ್ವಲ್ಪ ಹರಿದಿದ್ರೆ ಇನ್ನೂ ಒಳ್ಳೇದು."

ಅವನ ಮಾತು ಆಯಿಯ ಕಿವಿಗೆ ಬಿತ್ತು. ಅವಳು ಅವನ ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು. "ಯಾವೂರಪಾ ತಮ್ಮಾ ನಿಂದು?"

"ಬೆಂಗಳೂರು."

"ಬೆಂಗಳೂರು ಉಣ್ಣೂ ಊರು. ಹುಟ್ಟಿದ್ದು?"

ಅವನು ಸ್ವಲ್ಪ ತಡೆದು, "ಇಂಡಿ" ಎಂದ.

"ಇಂಡ್ಯಾಂವ ಆಗಿ ಹಿಂಗಂತೀ? ನಿಮ್ಮವ್ವ ಫೋಟೋ ತಗಸ್ಕೊಳ್ಳಾಗ ಹರಕ ಸೀರಿ ಉಟ್ಟಿದ್ದಳೇನು?"

ಅವನು ಫೋನು ಬಂದವನಂತೆ ಮಾಡಿ ಬೇವಿನ ಮರದ ಕಡೆ ಹೋದ. ಇಂಡಿಯವನು ಎಂದು ಬಂದ ದಿನವೇ ಹೇಳಿದ್ದರೆ ಒಂದು ಲೋಟ ಚಹಾ ಹೆಚ್ಚು ಸಿಗುತ್ತಿತ್ತು ಅವನಿಗೆ.

ಅವನು ಬರುವುದರೊಳಗೆ ತೆಗೆದೇ ಬಿಡೋಣ ಎಂದು ನಾನು ಆಯಿಯನ್ನು ಜೋಳದ ಎದುರು ನಿಲ್ಲಿಸಿದೆ. ಅವಳು ಸೆರಗಿನ ಒಂದು ಮೂಲೆಯನ್ನು ಒಳಗೆ ಮಡಚಿ ಹಿಡಿದಳು. ಆ ಮೂಲೆಯಲ್ಲಿ ರಫು ಇದೆ. ಎಂದೋ ಕುರಿಯ ಹಿಂದೆ ಓಡುವಾಗ ಜಾಲಿಮುಳ್ಳಿಗೆ ಸಿಕ್ಕು ಹರಿದದ್ದನ್ನು ತಾನೇ ಕೂತು ಹೊಲಿದಿದ್ದಳು. ಅದೇ ಬಣ್ಣದ ದಾರ ಸಿಗದೆ ಕುಂಕುಮದ ಕೆಂಪಿನಲ್ಲಿ ಇಟ್ಟಿಗೆಯ ಕೆಂಪು ಸೇರಿ, ಅದು ಬೆಳೆ ಬಾರದ ಹೊಲದ ಮಡಿಯಂತೆ ಬೇರೆಯಾಗಿ ಕಾಣುತ್ತದೆ.

"ಈ ಕಡಿ ತಗೀಬ್ಯಾಡವಾ. ನಾಕ ಮಂದಿ ನೋಡೂದು" ಎಂದಳು.

"ಆತು, ತಗಿಯೂದಿಲ್ಲ" ಎಂದೆ. ಗಾಳಿ ನನ್ನ ಮಾತು ಕೇಳಲಿಲ್ಲ. ಕ್ಯಾಮೆರಾ ಓಡುತ್ತಿದ್ದಾಗ ಸೆರಗು ಅವಳ ಕೈಯಿಂದ ಜಾರಿ ಇಡಿಯಾಗಿ ಬಿಚ್ಚಿಕೊಂಡು ಹಾರಿತು. ಅವಳು ನಗುತ್ತ ಅದನ್ನು ಹಿಡಿಯಲು ಹೋದಳು. ಅಂಥ ಕ್ಷಣ ಕೇಳಿದರೆ ಸಿಗುವುದಿಲ್ಲ, ನಾನು ಉಸಿರು ಬಿಗಿಹಿಡಿದು ತೆಗೆದೆ.

ಆಮೇಲೆ ನೆರಳಿನಲ್ಲಿ ಮಾನಿಟರ್ ಇಟ್ಟು ನೋಡಿದೆ. ಮಣ್ಣು ಬಂದಿತ್ತು, ಜೋಳ ಬಂದಿತ್ತು, ಆಯಿಯ ಮುಖದ ಒಂದೊಂದು ಗೆರೆಯೂ ಬಂದಿತ್ತು. ಸೆರಗು ಮಾತ್ರ ಇರಲಿಲ್ಲ. ಅಲ್ಲಿ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ಮುದ್ದೆ ಇತ್ತು. ನಮ್ಮ ಇಳಕಲ್ಲಿನ ಸೆರಗಿನಲ್ಲಿ ಜೋಳದ ತೆನೆಯ ಹಾಗೆ ಬಿಳಿ ಗೆರೆಗಳು ಎದ್ದು ನಿಂತಿರುತ್ತವೆ, ಕೂಸಿಗೂ ಗುರುತು ಸಿಗುತ್ತದೆ. ಆ ತೆನೆಗಳನ್ನು ಕೆಂಪು ನುಂಗಿಬಿಟ್ಟಿತ್ತು. ಬೆಳಕು ಕಡಿಮೆ ಮಾಡಿ ಮತ್ತೆ ತೆಗೆದೆ. ಆಯಿಯ ಮುಖ ಕಪ್ಪಾಯಿತು, ಮುದ್ದೆ ಮುದ್ದೆಯಾಗಿಯೇ ಉಳಿಯಿತು. ಲೆನ್ಸ್ ಬದಲಿಸಿದೆ. ಚನ್ನವ್ವನನ್ನು ನಿಲ್ಲಿಸಿದೆ. ಅವಳ ಸೆರಗೂ ಮುದ್ದೆ.

"ಜುಲ್ಫಿಕರ, ನನ್ನ ಕಣ್ಣ ಕೆಟ್ಟಾವೋ, ಇದು ಕೆಟ್ಟೈತೋ?"

ಅವನು ಬಗ್ಗಿ ನೋಡಿದ. "ನಿನ್ನ ಕಣ್ಣ ಬರೋಬ್ಬರಿ ಅದಾವ" ಎಂದ.

ಮರದ ಕೆಳಗಿನಿಂದ ಚೇತನಕುಮಾರ ಬಂದ. ಮಾನಿಟರ್ ತೋರಿಸಿದೆ. ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಹುಡುಕಿದೆ, ಒಂದು ಎಳೆಯೂ ಇರಲಿಲ್ಲ. ಆಗ ನನಗೆ ತಿಳಿಯಿತು. ಮಾಸಿದ ಬಟ್ಟೆ, ಗಾಢ ಬಣ್ಣ ಬೇಡ, ಹರಿದಿದ್ದರೆ ಇನ್ನೂ ಒಳ್ಳೆಯದು. ನಮ್ಮನ್ನು ಬಡವರ ಹಾಗೆ ತೋರಿಸುವ ಚಟ ಇರಬಹುದೆಂದು ನಾನು ತಿಳಿದಿದ್ದೆ. ಚಟವೂ ಅಲ್ಲ, ಕಲೆಯೂ ಅಲ್ಲ. ತಮ್ಮ ಕ್ಯಾಮೆರಾದ ಹರಕು ಮುಚ್ಚಲು ನಮಗೆ ಹರಕು ಉಡಿಸಲು ಬಂದಿದ್ದರು.

"ನಿಮಗ ಗೊತ್ತಿತ್ತೇನ್ರಿ?"

"ಬಿಸಿಲಲ್ಲಿ ಕೆಂಪು ಸ್ವಲ್ಪ ತೊಂದರೆ ಇದೆ ಮೇಡಂ. ಮುಂದೆ ಸರಿ ಮಾಡ್ತಾರೆ. ಈಗ ಬಿಡುಗಡೆ ಹತ್ರ ಇದೆ. ಬೇರೆ ಕಡೆ ಯಾರೂ ಇದನ್ನ ಕೇಳಲಿಲ್ಲ."

"ಬ್ಯಾರೆ ಕಡೆ ಯಾರೂ ಕೆಂಪು ಉಟ್ಟಿರಲಿಲ್ಲೇನು?"

ಅವನು ದನಿ ತಗ್ಗಿಸಿದ. "ನೋಡಿ, ನಿಮ್ಮ ಕೈ ಚೆನ್ನಾಗಿದೆ. ಮೊದಲ ಚಿತ್ರ ನಿಮ್ಮದೇ ಹಾಕಿಸ್ತೀನಿ. ಸಂಜೆ ಇವರಿಗೆ ಹಳೇ ಸೀರೆ ಉಡಿಸಿ, ಒಂದು ಗಂಟೆ ಕೆಲಸ. ಹೆಸರು ಎಷ್ಟು ದೊಡ್ಡದಾಗಿ ಬರುತ್ತೆ ಗೊತ್ತಾ?"

ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಒಂದು ಸೀರೆ ಬದಲಿಸುವುದು ಏನು ಮಹಾ ಎಂದು ಒಳಗೇ ಒಂದು ದನಿ ಹೇಳಿತು. ಒಡ್ಡಿನ ಮೇಲೆ ಆಯಿ ಕೂತಿದ್ದಳು. ಬೆವರಿಗೆ ಪೌಡರು ಗೆರೆಗೆರೆಯಾಗಿ ಇಳಿದಿತ್ತು, ಆದರೂ ಸೆರಗು ಕೆಳಗೆ ತಾಗದಂತೆ ಮಡಿಲಲ್ಲಿ ಎತ್ತಿ ಇಟ್ಟುಕೊಂಡಿದ್ದಳು.

"ಛಲೋ ಬಂತೇನವಾ?" ಎಂದು ಕೇಳಿದಳು.

"ಇಲ್ಲ ಆಯಿ. ಬರಲಿಲ್ಲ."

"ಯಾಕ? ನಾ ಛಂದ ಕಾಣೂದಿಲ್ಲೇನು?"

ಎಪ್ಪತ್ತರ ಮುದುಕಿ, ಯಾರೋ ಛಂದ ಇಲ್ಲ ಎಂದರೇನೋ ಎಂದು ಅಂಜಿದ್ದಳು. "ನೀ ಛಂದ ಅದಿ. ಕ್ಯಾಮೆರಾಕ್ಕ ಕೆಂಪು ತಿಳಿಯೂದಿಲ್ಲ" ಎಂದೆ.

"ಹಂಗಾರ ಸೀರಿ ಬದಲಿ ಮಾಡಂತಾನೇನು ಅಂವಾ? ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಳಂತ." ಅವಳು ಎದ್ದು ನಿಂತಳು. "ಕೆಂಪು ಕಾಣಲಾರದ ಕಣ್ಣು ಅದೆಂಥ ಕಣ್ಣವಾ?"

ಅಲ್ಲಿಗೆ ನನ್ನೊಳಗಿನ ಆ ದನಿ ಬಾಯಿ ಮುಚ್ಚಿಕೊಂಡಿತು. ಚೇತನಕುಮಾರನ ಕಡೆ ತಿರುಗಿದೆ.

"ಸಂಜಿಗೆ ಯಾರೂ ಸೀರಿ ಬದಲಿ ಮಾಡೂದಿಲ್ಲ. ಪರೀಕ್ಷೆ ಮಾಡ್ರಿ ಅಂತ ಕೊಟ್ರಿ, ಮಾಡೇನಿ. ಬಿಸಿಲಿಗೆ ಇದು ಕೆಂಪು ಹಿಡಿಯೂದಿಲ್ಲ. ಸರಿ ಆಗೂತನಕ ಮಾರಬ್ಯಾಡ್ರಿ. ಇದಾ ನನ್ನ ವರದಿ, ಕ್ಯಾಮೆರಾದ ಮೆಮೊರಿ ಕಾರ್ಡಿನ್ಯಾಗ ಇರೂದಾ ನನ್ನ ಚಿತ್ರ."

"ಹಾಗಾದ್ರೆ ಹೆಸರು ಬರಲ್ಲ."

"ಬರೂದು ಬ್ಯಾಡ. ಕೆಂಪು ಬರ್ಲಿ."

ಅವನು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿ ಇಟ್ಟು, ಕಾರ್ಡು ಜೇಬಿಗೆ ಹಾಕಿಕೊಂಡು ಹೋದ. ಕಾರಿನ ಧೂಳು ಹೆಣ್ಣುಮಕ್ಕಳ ಸೀರೆಯ ಮೇಲೆಲ್ಲ ಬಿತ್ತು. ಚನ್ನವ್ವ ಬಯ್ದ ಬೈಗುಳ ಇಲ್ಲಿ ಹೇಳುವಂಥದ್ದಲ್ಲ.

ಅವನ ಎದುರು ಎದೆ ಸೆಟೆಸಿ ನಿಂತವಳು ಆಮೇಲೆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಅತ್ತೆ. ಜುಲ್ಫಿಕರ ಚಹಾ ತಂದಿಟ್ಟು, ಏನೂ ಕೇಳದೆ ಹೊರಗೆ ಹೋಗಿ ಗಿರಾಕಿಗಳ ಜೊತೆ ಸುಮ್ಮನೆ ಜೋರಾಗಿ ಮಾತಾಡುತ್ತಿದ್ದ, ನನ್ನ ಅಳು ಅವರಿಗೆ ಕೇಳದಿರಲೆಂದು.

ಬಿಡುಗಡೆ ಮುಂದಕ್ಕೆ ಹೋಯಿತು. ಮಳೆಗಾಲ ಕಳೆದ ಮೇಲೆ ಕ್ಯಾಮೆರಾ ಬಂತು. ಪರೀಕ್ಷೆ ಮಾಡಿದವರ ಚಿತ್ರಗಳೆಲ್ಲ ಬಂದವು, ನನ್ನದಿರಲಿಲ್ಲ. ಇರುವುದಿಲ್ಲ ಎಂದು ಗೊತ್ತೇ ಇತ್ತಲ್ಲ. ಆದರೆ ಒಂದು ದಿನ ಜುಲ್ಫಿಕರ ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಕಂಪನಿಯ ಜಾಹೀರಾತು. ಎಡಕ್ಕೆ ಒಂದು ಕೆಂಪು ಮುದ್ದೆ, ಅದರ ಕೆಳಗೆ 'ಮೊದಲು'. ಬಲಕ್ಕೆ ಅದೇ ಕೆಂಪಿನಲ್ಲಿ ಬಿಳಿ ತೆನೆಗಳು ಒಂದೊಂದೂ ನಿಂತಿದ್ದವು, ಅದರ ಕೆಳಗೆ 'ಈಗ'. ಬಣ್ಣದ ಲೆಕ್ಕ ತಿದ್ದಿ, ಅವನು ಒಯ್ದಿದ್ದ ಕಾರ್ಡಿನಲ್ಲಿನ ನನ್ನ ಅದೇ ಚಿತ್ರವನ್ನು ಹೊಸದಾಗಿ ಮೂಡಿಸಿ ತೋರಿಸಿದ್ದರು. ಆಯಿಯ ಮುಖ ಕತ್ತರಿಸಿ ಬರೀ ಸೆರಗು ಇಟ್ಟುಕೊಂಡಿದ್ದರು. ಬಲಗಡೆಯ ಚಿತ್ರದ ಮೂಲೆಯಲ್ಲಿ, ಕುಂಕುಮದ ಕೆಂಪಿನೊಳಗೆ ಇಟ್ಟಿಗೆಯ ಕೆಂಪು. ಆಯಿಯ ರಫು.

ನನಗೆ ಬಂದ ಸಿಟ್ಟು ಹೆಸರಿನದಲ್ಲ. ತೆಗೆಯುವುದಿಲ್ಲ ಎಂದು ನಾನು ಆಯಿಗೆ ಮಾತು ಕೊಟ್ಟಿದ್ದೆ. ನಾಲ್ಕು ಮಂದಿ ನೋಡಬಾರದು ಎಂದದ್ದನ್ನು ಈಗ ಲೋಕವೇ ನೋಡುತ್ತಿತ್ತು.

ಬಸವನ ಬಾಗೇವಾಡಿಯಲ್ಲಿ ಮದುವೆಗಳು ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಕಂಪನಿಯವರು ಕ್ಯಾಮೆರಾ ತೋರಿಸುವ ಕಾರ್ಯಕ್ರಮ ಇಟ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಫೋಟೋಗ್ರಾಫರುಗಳಿಗೆಲ್ಲ ಕರೆ. ಮಧ್ಯಾಹ್ನ ಗೋಧಿ ಹುಗ್ಗಿಯ ಊಟ. ಹೋಗುವ ಮುಂಚೆ ಆಯಿಗೆ ಫೋನಿನಲ್ಲಿ ಆ ಚಿತ್ರ ತೋರಿಸಿ, ತಪ್ಪಾಯಿತು ಎಂದೆ. ಅವಳು ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ನೋಡಿದಳು.

"ನನ್ನ ಮಾರಿ ಎಲ್ಲೈತಿ?" ಎಂದು ಕೇಳಿದಳು.

"ಕತ್ತರಿಸ್ಯಾರ."

"ರಫು ಬೇಕು, ಮಾರಿ ಬ್ಯಾಡ ಅವರಿಗೆ." ಅವಳು ಪೆಟ್ಟಿಗೆಯಿಂದ ಆ ಸೀರೆ ತೆಗೆದಳು. "ನಡಿ, ನಾನೂ ಬರ್ತೇನಿ."

ಕಾರ್ಯಾಲಯ ತುಂಬಿತ್ತು. ವೇದಿಕೆಯ ಮೇಲೆ ಚೇತನಕುಮಾರ, ಅವನ ಹಿಂದೆ ದೊಡ್ಡ ಪರದೆ. ಮೇಜಿನ ಮೇಲೆ ಕ್ಯಾಮೆರಾ. ನಾನು ಮುಂದಿನ ಸಾಲಿನಲ್ಲಿ ಕೂತು ಅದರ ಹಿಡಿಕೆ ನೋಡಿದೆ. ತಿರುಪಿನ ಗೀರಿನಲ್ಲಿ ಹಳದಿ ಇನ್ನೂ ಇತ್ತು. ಅವನು ನನ್ನನ್ನು ನೋಡಿದ, ನೋಡದವನಂತೆ ಮಾತು ಮುಂದುವರಿಸಿದ. ಪರದೆಯ ಮೇಲೆ 'ಮೊದಲು' ಮತ್ತು 'ಈಗ' ಬಂದವು. ಗೋಡೆಯಷ್ಟು ದೊಡ್ಡ ಸೆರಗು.

"ನಮ್ಮ ಎಂಜಿನಿಯರ್‌ಗಳು ಹಗಲು ರಾತ್ರಿ ದುಡಿದು ಈ ದೋಷ ಕಂಡುಹಿಡಿದು ಸರಿಪಡಿಸಿದ್ದಾರೆ" ಎಂದ.

ನಾನು ಏಳುವ ಮೊದಲೇ ಆಯಿ ಎದ್ದಳು. ಮೆಟ್ಟಿಲು ಹತ್ತಿದಳು. ಯಾರೋ ಸನ್ಮಾನ ಇರಬೇಕೆಂದು ಚಪ್ಪಾಳೆ ತಟ್ಟಿದರು. ಪರದೆಯ ಹತ್ತಿರ ಹೋಗಿ, ಹೊಲದಲ್ಲಿ ಮಡಚಿ ಬಚ್ಚಿಟ್ಟಿದ್ದ ಆ ಸೆರಗಿನ ಮೂಲೆಯನ್ನು ತಾನೇ ಬಿಡಿಸಿ, ಎರಡೂ ಕೈಯಲ್ಲಿ ಅಗಲ ಮಾಡಿ ಪರದೆಯ ರಫುವಿನ ಪಕ್ಕಕ್ಕೆ ಹಿಡಿದಳು.

ಹುಗ್ಗಿ ಬಡಿಸಲು ಬಂದವರೂ ಪಾತ್ರೆ ಕೆಳಗಿಟ್ಟು ಬಾಗಿಲಲ್ಲಿ ನಿಂತು ನೋಡಿದರು.

"ಇದು ನಾ ಹಾಕಿದ ರಫು" ಎಂದಳು ಆಯಿ. "ಜಾಲಿಮುಳ್ಳಿಗೆ ಹರದಿತ್ತು. ನಿಮ್ಮ ಎಂಜಿನಿಯರ್ ನಮ್ಮ ಹೊಲಕ್ಕ ಯಾವತ್ತ ಬಂದಿದ್ದಪಾ ತಮ್ಮಾ?"

ಮುದ್ದೇಬಿಹಾಳದ ಶಂಕರೆಪ್ಪ ಎದ್ದು ನಿಂತ. ನಮ್ಮ ನಾಲ್ಕು ತಾಲೂಕಿನ ಫೋಟೋಗ್ರಾಫರುಗಳಲ್ಲಿ ಎಲ್ಲರಿಗಿಂತ ಹಿರಿಯ. ಎಷ್ಟೋ ಮದುವೆಗಳಲ್ಲಿ ನನಗೆ ಊಟ ಆಯಿತೇ ಎಂದಷ್ಟೇ ಕೇಳಿದವನು. "ಚೇತನಕುಮಾರ್ ಅವರ, ಈ ಚಿತ್ರ ಯಾರು ತಗದದ್ರಿ?" ಎಂದು ಕೇಳಿದ.

"ಒಬ್ಬರು ಟೆಸ್ಟರ್" ಎಂದ ಚೇತನಕುಮಾರ.

"ಟೆಸ್ಟರ್‌ಗೆ ಹೆಸರಿಲ್ಲೇನು?" ಎಂದಳು ಆಯಿ. ಸೆರಗು ಹಿಡಿದ ಕೈ ಇಳಿಸಿರಲಿಲ್ಲ.

ಅವನು ಮೈಕು ಎತ್ತಿದ. ಆಮೇಲೆ ಅವನ ಬಾಯಿಂದ ಬಂದದ್ದು ಇಸ್ತ್ರಿಯ ಮಾತಲ್ಲ, ಇಂಡಿಯ ಮಾತು. "ಮ್ಯಾಲಿನವರು ಹಾಕಬ್ಯಾಡ ಅಂದ್ರಬೇ ಯವ್ವಾ. ನಂದೇನೂ ನಡೀಲಿಲ್ಲ."

"ಇಲ್ಲಿ ಮ್ಯಾಲ ನಿಂತಾಂವ ನೀನಾ ಅದಿ" ಎಂದಳು ಆಯಿ.

ನಾನು ಮೆಟ್ಟಿಲು ಹತ್ತಿದೆ. ಮೈಕಿಗೆ ಕೈ ಚಾಚಿದೆ. ಅವನು ಕೊಡುತ್ತಾನೋ ಇಲ್ಲವೋ ಎಂದು ಕಾಯಲಿಲ್ಲ, ತೆಗೆದುಕೊಂಡೆ.

"ನಾನು ಸುರೇಖಾ, ಮೋರಟಗಿಯಾಕಿ. ಈ ಚಿತ್ರ ತಗದಾಕಿ ನಾನು. ಇದು ಕೆಂಪು ಹಿಡಿಯೂದಿಲ್ಲ ಅಂತ ಹೇಳಿದಾಕಿನೂ ನಾನಾ. ಇವರು ನಮ್ಮಾಯಿ ಶೇವಂತೆವ್ವ, ಸೆರಗು ಇವರದು. ಸರಿ ಮಾಡಿದವರು ಎಂಜಿನಿಯರ್, ಅದೂ ಖರೇ. ಯಾರ ಹೆಸರೂ ಮುಚ್ಚೂದು ಬ್ಯಾಡ."

ಮೊದಲು ಚಪ್ಪಾಳೆ ತಟ್ಟಿದವನು ಜುಲ್ಫಿಕರ. ಎದ್ದು ನಿಂತು, ಎರಡೂ ಕೈ ತಲೆಯ ಮೇಲೆ ಎತ್ತಿ. ಆಮೇಲೆ ಶಂಕರೆಪ್ಪ. ಆಮೇಲೆ ಯಾರು ಯಾರೆಂದು ನಾನು ನೋಡಲಿಲ್ಲ, ಏಕೆಂದರೆ ಆಯಿ ನನ್ನ ಮೊಣಕೈ ಜಗ್ಗುತ್ತಿದ್ದಳು.

"ಆ ಕ್ಯಾಮೆರಾ ತಗೋ" ಎಂದಳು. "ಈಗರ ಖರೇ ಸರಿ ಆಗೈತೋ ಇಲ್ಲೋ ನೋಡೂಣು. ರಫೂನೂ ಬರ್ಲಿ ಈ ಸಲ."

ಮೇಜಿನ ಮೇಲಿನ ಕ್ಯಾಮೆರಾ ಎತ್ತಿಕೊಂಡೆ. ಚೇತನಕುಮಾರ ತಡೆಯಲಿಲ್ಲ. ಪರದೆಗೆ ಹೋಗುವ ವೈರನ್ನು ತಾನೇ ಸಿಕ್ಕಿಸಿ ಕೊಟ್ಟ. ಆಯಿಯನ್ನು ಕಾರ್ಯಾಲಯದ ದೊಡ್ಡ ಬಾಗಿಲಿನಲ್ಲಿ, ಹೊರಗಿನ ಬಿಸಿಲು ಬೀಳುವಲ್ಲಿ ನಿಲ್ಲಿಸಿ ಫೋಕಸ್ ಮಾಡಿದೆ. ಅವಳು ಸೆರಗಿನ ರಫುವನ್ನು ಎದೆಯ ಮೇಲೆ, ಬೋರಮಾಳದ ಪಕ್ಕ ಹರಡಿಕೊಂಡು ನನ್ನ ಕಡೆ ನೋಡಿದಳು. ಪರದೆಯ ಮೇಲೆ ಅವಳ ಮುಖ ಬಂತು, ತೆನೆ ಬಂತು, ರಫು ಬಂತು. ಯಾರ ಚಿತ್ರ ಅದು ಎಂದು ಆಮೇಲೆ ಅಲ್ಲಿ ಯಾರೂ ಜುಲ್ಫಿಕರನನ್ನು ಕೇಳಲಿಲ್ಲ.